ಬಿಟ್ಟಿ ಪಾಠದ ಲೆಕ್ಕ

2012ರ ಜೂನ್ 27ರಂದು ಸ್ಟ್ಯಾಕ್ ಓವರ್‌ಫ್ಲೋ ಎಂಬ ಪ್ರಶ್ನೋತ್ತರ ತಾಣದಲ್ಲಿ ಒಬ್ಬ ಪ್ರೋಗ್ರಾಮರ್ ತನ್ನ ತಲೆ ತಿನ್ನುತ್ತಿದ್ದ ಸಂಗತಿಯೊಂದನ್ನು ಮುಂದಿಟ್ಟರು. ಅವರ ಹತ್ತಿರ 32,768 ಸಂಖ್ಯೆಗಳ ಪಟ್ಟಿಯಿತ್ತು. ಎಲ್ಲವೂ ಸೊನ್ನೆಯಿಂದ 255ರ ಒಳಗಿನವು. ಸಂಖ್ಯೆ 128 ಅಥವಾ ಅದಕ್ಕಿಂತ ದೊಡ್ಡದಿದ್ದರೆ ಮೊತ್ತಕ್ಕೆ ಸೇರಿಸಬೇಕು, ಇಲ್ಲದಿದ್ದರೆ ಬಿಡಬೇಕು. ಇದನ್ನೇ ಒಂದು ಲಕ್ಷ ಸಲ ಮಾಡಬೇಕು. ಪಟ್ಟಿ ಯಾವ ಕ್ರಮದಲ್ಲಿದ್ದರೂ ಮಾಡಬೇಕಾದ ಹೋಲಿಕೆಗಳು ಅಷ್ಟೇ, ಸುಮಾರು 327 ಕೋಟಿ. ಬರುವ ಮೊತ್ತವೂ ಅದೇ. ಆದರೆ ಸಂಖ್ಯೆಗಳು ಅಡ್ಡಾದಿಡ್ಡಿ ಬಿದ್ದಿದ್ದಾಗ ಕಂಪ್ಯೂಟರಿಗೆ 11.54 ಸೆಕೆಂಡು ಬೇಕಾಯಿತು. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಕೊಟ್ಟಾಗ 1.93 ಸೆಕೆಂಡಿಗೇ ಮುಗಿಸಿತು. ಕೆಲಸ ಒಂದೇ, ಸಮಯದಲ್ಲಿ ಆರು ಪಟ್ಟು ವ್ಯತ್ಯಾಸ. ಯಾಕೆ?

ಕೆಲವೇ ನಿಮಿಷಗಳಲ್ಲಿ ಉತ್ತರ ಬಂತು. ಬರೆದವರು ಅಲೆಕ್ಸಾಂಡರ್ ಯೀ. ಅವರು ಪ್ರೊಸೆಸರಿನ ವಿವರಕ್ಕೆ ಇಳಿಯುವ ಮೊದಲು ಹತ್ತೊಂಬತ್ತನೆಯ ಶತಮಾನದ ರೈಲ್ವೆ ಜಂಕ್ಷನ್ನಿಗೆ ಓದುಗರನ್ನು ಕರೆದುಕೊಂಡು ಹೋದರು. ನೀವು ಅಲ್ಲಿನ ಪಾಯಿಂಟ್ಸ್‌ಮನ್. ರೇಡಿಯೋ ಇಲ್ಲ, ಫೋನ್ ಇಲ್ಲ. ದೂರದಲ್ಲಿ ರೈಲು ಬರುತ್ತಿದೆ, ಎಡಕ್ಕೋ ಬಲಕ್ಕೋ ನಿಮಗೆ ಗೊತ್ತಿಲ್ಲ. ನಿಲ್ಲಿಸಿ ಡ್ರೈವರನ್ನು ಕೇಳಬಹುದು. ಆದರೆ ರೈಲು ನಿಲ್ಲುವುದಕ್ಕೂ ಮತ್ತೆ ವೇಗ ಹಿಡಿಯುವುದಕ್ಕೂ ಹೊತ್ತು ಬೇಕು. ಅದರ ಬದಲು ಊಹೆ ಮಾಡಿ ಹಳಿ ಬದಲಿಸಿಟ್ಟರೆ? ಊಹೆ ಸರಿಯಿದ್ದರೆ ರೈಲು ನಿಲ್ಲದೆ ಸಾಗುತ್ತದೆ. ತಪ್ಪಿದರೆ ನಿಲ್ಲಬೇಕು, ಹಿಂದೆ ಬರಬೇಕು, ಇನ್ನೊಂದು ಹಳಿಗೆ ಹೋಗಬೇಕು. ಪ್ರೊಸೆಸರ್ ಮಾಡುವುದೂ ಇದನ್ನೇ. 'ಇದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ' ಎಂಬ ಕವಲು ಬಂದಾಗಲೆಲ್ಲ ಹಿಂದಿನ ಅನುಭವ ನೋಡಿ ಮುಂದಿನದನ್ನು ಊಹಿಸುತ್ತದೆ. ಜೋಡಿಸಿದ ಪಟ್ಟಿಯಲ್ಲಿ ಮೊದಲ ಅರ್ಧವೆಲ್ಲ 'ಬಿಡು', ಉಳಿದರ್ಧವೆಲ್ಲ 'ಸೇರಿಸು'. ಊಹೆ ತಪ್ಪುವುದು ನಟ್ಟನಡುವೆ ಮಾತ್ರ. ಅಡ್ಡಾದಿಡ್ಡಿ ಪಟ್ಟಿಯಲ್ಲಿ ಹೆಚ್ಚುಕಡಿಮೆ ಎರಡಕ್ಕೊಂದು ಸಲ ರೈಲು ಹಿಂದಕ್ಕೆ ಬರಬೇಕು.

ಕಂಪ್ಯೂಟರ್ ಆರ್ಕಿಟೆಕ್ಚರಿನ ಪಠ್ಯಪುಸ್ತಕಗಳು ಅಧ್ಯಾಯಗಟ್ಟಲೆ ಹೇಳುವ ವಿಷಯವಿದು. ಯೀ ಅದನ್ನು ಕಾಸಿಲ್ಲದೆ, ಯಾರೂ ಕರೆದು ಹೇಳದೆ, ಒಂದು ಕಪ್ ಕಾಫಿ ಮುಗಿಯುವಷ್ಟು ಹೊತ್ತಿನಲ್ಲಿ ಬರೆದರು. ಆ ಉತ್ತರಕ್ಕೆ ಬಿದ್ದಿರುವ ಮೆಚ್ಚುಗೆಯ ಮತಗಳು 30,000 ದಾಟಿವೆ. ಪುಟ ತೆರೆದು ನೋಡಿದ ಸಂಖ್ಯೆ 18 ಲಕ್ಷಕ್ಕೂ ಹೆಚ್ಚು. ನೋಡಿದವರೇ ಮತ್ತೆ ನೋಡಿರಬಹುದು, ಇರಲಿ. ಈ ಸಂಖ್ಯೆಯನ್ನು ನಮ್ಮ ಶಾಲೆಯ ಅಳತೆಗೆ ತಂದು ನೋಡೋಣ. ಅರವತ್ತು ಮಕ್ಕಳ ಒಂದು ತರಗತಿ. ದಿನಕ್ಕೆ ಐದು ಪೀರಿಯಡ್. ವರ್ಷಕ್ಕೆ ಇನ್ನೂರು ದಿನ. 18 ಲಕ್ಷ ಜನರಿಗೆ ಇದೇ ಒಂದು ಪಾಠ ಮಾಡಿ ಮುಗಿಸಲು ಒಬ್ಬ ಮೇಷ್ಟ್ರಿಗೆ ಮೂವತ್ತು ವರ್ಷ ಬೇಕು. ಕೆಲಸಕ್ಕೆ ಸೇರಿದ ದಿನ ಶುರು ಮಾಡಿದರೆ ನಿವೃತ್ತಿಯ ಹೊತ್ತಿಗೆ ಮುಗಿದೀತು, ಅದೂ ಬೇರೆ ಯಾವ ಪಾಠವನ್ನೂ ಮಾಡದಿದ್ದರೆ.

ಯೀ ಯಾರೆಂದು ತಿಳಿದ ಮೇಲೆ ಬೆರಗು ಇನ್ನೂ ಒಂದು ಪಟ್ಟು ಹೆಚ್ಚುತ್ತದೆ. ಪೈ ಸಂಖ್ಯೆಯ ದಶಮಾಂಶಗಳನ್ನು ಲೆಕ್ಕ ಹಾಕುವ ವೈ-ಕ್ರಂಚರ್ ಎಂಬ ಸಾಫ್ಟ್‌ವೇರ್ ಬರೆದವರು ಇವರೇ. 2010ರಲ್ಲಿ ಜಪಾನಿನ ಶಿಗೆರು ಕೊಂಡೊ ಅವರ ಜೊತೆ ಸೇರಿ 5 ಲಕ್ಷ ಕೋಟಿ ಅಂಕಿಗಳವರೆಗೆ ಹೋದರು. ಯಂತ್ರ ಕೊಂಡೊ ಸ್ವತಃ ಮನೆಯಲ್ಲಿ ಜೋಡಿಸಿದ್ದು. 2022ರಲ್ಲಿ ಗೂಗಲ್‌ನ ಎಮ್ಮಾ ಹರುಕಾ ಇವಾವೊ ಅದೇ ಸಾಫ್ಟ್‌ವೇರ್ ಹಿಡಿದು 100 ಲಕ್ಷ ಕೋಟಿ ಅಂಕಿ ಮುಟ್ಟಿದರು. ಅಂದರೆ ಒಂದು ಕೋಟಿ ಕೋಟಿ. ಪ್ರೊಸೆಸರಿನ ಒಂದೊಂದು ಹನಿ ವೇಗವನ್ನೂ ಹಿಂಡಿ ತೆಗೆಯುವುದೇ ಕಸುಬಾದ ಮನುಷ್ಯ, ಗುರುತಿಲ್ಲದ ಒಬ್ಬರ ಗೊಂದಲಕ್ಕೆ ಕೂತು ಉತ್ತರ ಬರೆದ. ಇಂಥವರ ಎದುರು ಕೂರಬೇಕಾದರೆ ಒಂದು ಕಾಲದಲ್ಲಿ ದೊಡ್ಡ ವಿಶ್ವವಿದ್ಯಾಲಯದ ಬಾಗಿಲು ದಾಟಬೇಕಿತ್ತು.

ಎಲ್ಲ ಪ್ರಶ್ನೆಗಳೂ ಇಷ್ಟು ಸೊಗಸಾಗಿರುವುದಿಲ್ಲ ಅನ್ನಿ. ವಿಮ್ ಎಂಬ ಎಡಿಟರ್ ಇದೆ. ಅದರೊಳಗೆ ಹೋಗುವುದು ಸುಲಭ, ಹೊರಗೆ ಬರುವುದು ಗೊತ್ತಾಗುವುದಿಲ್ಲ. ಎಸ್ಕೇಪ್ ಒತ್ತಿ, ಕೋಲನ್ ಹಾಕಿ, ಕ್ಯೂ ಒತ್ತಿ, ಆಶ್ಚರ್ಯಚಿಹ್ನೆ ಹಾಕಿ, ಎಂಟರ್ ಹೊಡೆದರೆ ಬಿಡುಗಡೆ. ಇಷ್ಟನ್ನು ಕೇಳಿ 2012ರಲ್ಲಿ ಹಾಕಿದ ಪ್ರಶ್ನೆಯನ್ನು 2017ರ ಮೇ ಹೊತ್ತಿಗೆ ಹತ್ತು ಲಕ್ಷ ಸಲ ನೋಡಿಯಾಗಿತ್ತು. ಕೆಲಸದ ದಿನಗಳಲ್ಲಿ, ಸಂಚಾರ ಜೋರಾಗಿರುವ ಹೊತ್ತಿನಲ್ಲಿ, ಗಂಟೆಗೆ ಸುಮಾರು ಎಂಬತ್ತು ಜನ ವಿಮ್‌ನೊಳಗೆ ಸಿಕ್ಕಿಬಿದ್ದು ಇಲ್ಲಿಗೆ ಓಡಿಬರುತ್ತಾರೆ ಎಂದು ತಾಣದವರೇ ಆಗ ಲೆಕ್ಕ ಕೊಟ್ಟರು. ನಗು ಬರುತ್ತದೆ, ಆದರೆ ಆ ಐದು ಕೀಲಿಗಳ ಉತ್ತರವನ್ನೂ ಯಾರೋ ಬಿಟ್ಟಿಯಾಗಿಯೇ ಬರೆದದ್ದು. ವಿಮ್ ಕೂಡ ಹಾಗೆಯೇ. ನೆದರ್ಲೆಂಡ್ಸ್‌ನ ಬ್ರಾಮ್ ಮೂಲೆನಾರ್ ಅದನ್ನು 1991ರಿಂದ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನೋಡಿಕೊಂಡರು. ದುಡ್ಡು ಕೊಡಬೇಕೆನಿಸಿದರೆ ಉಗಾಂಡದ ಮಕ್ಕಳಿಗೆ ಕೊಡಿ ಅಂದರು. 2023ರಲ್ಲಿ ತೀರಿಕೊಂಡರು.

ಸ್ಟ್ಯಾಕ್ ಓವರ್‌ಫ್ಲೋ ಬಾಗಿಲು ತೆರೆದದ್ದು 2008ರ ಸೆಪ್ಟೆಂಬರಿನಲ್ಲಿ. ಜೆಫ್ ಆಟ್‌ವುಡ್ ಮತ್ತು ಜೋಯೆಲ್ ಸ್ಪೋಲ್ಸ್ಕಿ ಕಟ್ಟಿದ್ದು. ಇಲ್ಲಿಯವರೆಗೆ ಅಲ್ಲಿ ಸೇರಿರುವ ಪ್ರಶ್ನೆಗಳು 2.4 ಕೋಟಿಯ ಆಸುಪಾಸು, ಉತ್ತರಗಳು ಮೂರೂವರೆ ಕೋಟಿ. ಉತ್ತರಕ್ಕೆ ಒಂದು ನಿಮಿಷದಂತೆ, ಊಟ ನಿದ್ದೆ ಬಿಟ್ಟು ಓದಿದರೂ 66 ವರ್ಷ ಹಿಡಿಯುತ್ತದೆ. ದಿನಕ್ಕೆ ಎಂಟು ಗಂಟೆ ಓದುವ ಮನುಷ್ಯ ಟಿಪ್ಪು ಸತ್ತ ವರ್ಷ ಶುರು ಮಾಡಿದ್ದರೆ ಈ ಶತಮಾನ ಹುಟ್ಟುವ ಹೊತ್ತಿಗೆ ಕೊನೆಯ ಪುಟಕ್ಕೆ ಬರುತ್ತಿದ್ದ.

ಇಷ್ಟನ್ನು ಬರೆದವರಲ್ಲಿ ಕೆಲವರ ಉಮೇದು ನಂಬುವುದಕ್ಕೆ ಕಷ್ಟ. ಬ್ರಿಟನ್ನಿನಲ್ಲಿ ಗೂಗಲ್ ಎಂಜಿನಿಯರ್ ಆಗಿದ್ದ ಜಾನ್ ಸ್ಕೀಟ್ 2018ರ ಜನವರಿಯಲ್ಲಿ ಮೆಚ್ಚುಗೆಯ ಮತಗಳಿಗೆ ತಾಣ ಕೊಡುವ ಅಂಕಗಳಲ್ಲಿ ಹತ್ತು ಲಕ್ಷ ದಾಟಿದ ಮೊದಲಿಗರಾದರು. ಅವರ ಉತ್ತರಗಳು 35,000ದ ಆಸುಪಾಸು. 2008ರಿಂದ ಇವತ್ತಿನವರೆಗಿನ ಎಲ್ಲ ದಿನಗಳಿಗೂ, ಭಾನುವಾರ, ಕ್ರಿಸ್‌ಮಸ್, ಜ್ವರ ಬಂದ ದಿನ ಸೇರಿಸಿ ಹಂಚಿದರೂ, ದಿನಕ್ಕೆ ಐದರ ಮೇಲೆ ಬೀಳುತ್ತದೆ. ಡೇಟಾಬೇಸ್ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದ ಗೋರ್ಡನ್ ಲಿನಾಫ್ ಒಂದು ದಶಕದೊಳಗೆ 75,000ಕ್ಕೂ ಹೆಚ್ಚು ಉತ್ತರ ಬರೆದರು, ದಿನಕ್ಕೆ ಇಪ್ಪತ್ತು. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕೂತ ಡಾಕ್ಟರಿಗೆ ಮಾತ್ರ ಗೊತ್ತಿರುವ ವೇಗ ಇದು.

ಅಂಕಗಳಿಂದ ಹಾಲಿನ ಪ್ಯಾಕೆಟ್ ಕೊಳ್ಳಲಾಗುವುದಿಲ್ಲ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. 2021ರಲ್ಲಿ ಪ್ರೋಸಸ್ ಎಂಬ ಕಂಪನಿ ಸ್ಟ್ಯಾಕ್ ಓವರ್‌ಫ್ಲೋವನ್ನು 180 ಕೋಟಿ ಡಾಲರಿಗೆ ಕೊಂಡುಕೊಂಡಿತು. ಆಗ ಇದ್ದದ್ದು ಸರಿಸುಮಾರು ಮೂರು ಕೋಟಿ ಉತ್ತರ. ಕಂಪನಿಗೆ ಬೇರೆ ವ್ಯಾಪಾರವೂ ಇತ್ತು, ಆದರೂ ಸುಮ್ಮನೆ ಭಾಗಿಸಿದರೆ ಉತ್ತರಕ್ಕೆ 60 ಡಾಲರ್ ಬಿತ್ತು. ಬರೆದವರ ಜೇಬಿಗೆ ಬಂದದ್ದು ಸೊನ್ನೆ. ವಿಚಿತ್ರವೆಂದರೆ, ಅದಾದ ಮೇಲೂ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ.

ಒಂದು ಸಲ ಬರೆದ ಉತ್ತರ ತಾನಾಗಿಯೇ ಲಕ್ಷ ಪಾಲಾಗುತ್ತದೆ, ಸರಿ. ಆದರೆ ಕಲಿಯುವವನಿಗೆ ಇನ್ನೊಂದು ಬಗೆಯ ಪಾಠವೂ ಬೇಕು. ಅವನು ಬರೆದ ಕೋಡನ್ನೇ ಮುಂದಿಟ್ಟುಕೊಂಡು, ಸಾಲುಸಾಲಾಗಿ ಓದಿ, ಇಲ್ಲಿ ಯಾಕೆ ಹೀಗೆ ಮಾಡಿದೆ ಎಂದು ಕೇಳುವವರು ಬೇಕು. ಈ ಪಾಠಕ್ಕೆ ಲಕ್ಷ ಪಟ್ಟಿನ ವರ ಇಲ್ಲ. ಒಬ್ಬರು, ಒಂದು ಸಲಕ್ಕೆ, ಇನ್ನೊಬ್ಬರದನ್ನು ಓದಬೇಕು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್ಲಿನಷ್ಟು ದೊಡ್ಡ ಪ್ರಮಾಣದಲ್ಲಿ ಇದು ನಡೆಯುವ ಜಾಗ ಇನ್ನೊಂದು ಸಿಗಲಾರದು.

1991ರ ಆಗಸ್ಟ್ 25ರಂದು ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್, ಹವ್ಯಾಸಕ್ಕೆಂದು ಒಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದೇನೆ, ದೊಡ್ಡದೇನೂ ಆಗುವುದಿಲ್ಲ ಎಂದು ನ್ಯೂಸ್‌ಗ್ರೂಪ್ ಒಂದಕ್ಕೆ ಬರೆದ. ಮುಂದಿನ ತಿಂಗಳು ಹೊರಬಂದ ಮೊದಲ ಆವೃತ್ತಿಯಲ್ಲಿ ಸುಮಾರು 10,000 ಸಾಲು ಇದ್ದವು. 2025ರ ಹೊತ್ತಿಗೆ ಅದು ನಾಲ್ಕು ಕೋಟಿ ದಾಟಿತು. ಪುಟಕ್ಕೆ ಐವತ್ತು ಸಾಲಿನಂತೆ ಅಚ್ಚು ಹಾಕಿದರೆ ಎಂಟು ಲಕ್ಷ ಪುಟ. ನಾನೂರು ಪುಟದ ಪುಸ್ತಕಗಳಾಗಿ ಕಟ್ಟಿಸಿದರೆ ಎರಡು ಸಾವಿರ ಸಂಪುಟ. ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಲಿನಕ್ಸ್ ಬಿಟ್ಟು ಬೇರೆ ಇಲ್ಲ. ನಿಮ್ಮ ಕಿಸೆಯಲ್ಲಿರುವುದು ಆಂಡ್ರಾಯ್ಡ್ ಫೋನಾದರೆ ಅದರ ತಳದಲ್ಲೂ ಇದೇ ಕರ್ನಲ್.

ಒಂಬತ್ತು ಹತ್ತು ವಾರಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ. ಪ್ರತಿ ಆವೃತ್ತಿಯಲ್ಲೂ ಹದಿಮೂರು ಹದಿನಾಲ್ಕು ಸಾವಿರ ಬದಲಾವಣೆ. ಹಗಲು ರಾತ್ರಿ ಎಣಿಸಿದರೂ ಗಂಟೆಗೆ ಎಂಟೊಂಬತ್ತು. ಅಷ್ಟನ್ನೂ ಯಾರೋ ಓದಿರಬೇಕು. ಯಾವ ಭಾಗವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಬರೆದಿಡುವ ಫೈಲೊಂದೇ 20,000 ಸಾಲಿಗೂ ಉದ್ದ. ಹೊಸಬರೊಬ್ಬರು ಪ್ಯಾಚ್, ಅಂದರೆ ಒಂದು ಬದಲಾವಣೆಯನ್ನು, ಕಳಿಸುವುದನ್ನು ಹತ್ತಿರದಿಂದ ನೋಡಿದರೆ ಅಲ್ಲಿನ ಶಿಸ್ತು ತಿಳಿಯುತ್ತದೆ. ಮೊದಲು ಚೆಕ್‌ಪ್ಯಾಚ್ ಎಂಬ ಸ್ಕ್ರಿಪ್ಟ್ ಓಡಿಸಬೇಕು. ಖಾಲಿ ಜಾಗ, ಟ್ಯಾಬ್, ಸಾಲಿನ ಉದ್ದ ಎಲ್ಲದಕ್ಕೂ ಅದು ತಕರಾರು ಮಾಡುತ್ತದೆ. ಇನ್ನೊಂದು ಸ್ಕ್ರಿಪ್ಟ್ ಯಾರಿಗೆ ಕಳಿಸಬೇಕೆಂದು ಹೇಳುತ್ತದೆ. ಇಮೇಲಿನಲ್ಲಿ ಕಳಿಸಬೇಕು, ಅಟ್ಯಾಚ್‌ಮೆಂಟ್ ಕೂಡದು, ಬರೀ ಅಕ್ಷರ. ಏನು ಬದಲಿಸಿದೆ ಎಂಬುದಕ್ಕಿಂತ ಯಾಕೆ ಬದಲಿಸಿದೆ ಎಂದು ಬರೆಯಬೇಕು. ಮೇಂಟೇನರ್ ಓದುತ್ತಾರೆ, ಸಾಲಿನ ಕೆಳಗೆ ಸಾಲು ಬರೆದು ವಾಪಸು ಕಳಿಸುತ್ತಾರೆ. ಎರಡನೇ ಆವೃತ್ತಿ ಹೋಗುತ್ತದೆ, ಅದೂ ವಾಪಸು. ಮೂರನೇದು, ನಾಲ್ಕನೇದು. ಹತ್ತನೆಯದಕ್ಕೆ ಒಪ್ಪಿಗೆ ಸಿಕ್ಕವರೂ ಇದ್ದಾರೆ. ಈ ಪತ್ರವ್ಯವಹಾರ ಎಲ್ಲರ ಎದುರಿಗೇ ನಡೆಯುವುದರಿಂದ, ಒಬ್ಬನಿಗೆ ಬೈದದ್ದನ್ನು ಓದಿ ನೂರು ಜನ ತಿದ್ದಿಕೊಳ್ಳುತ್ತಾರೆ. ನಮ್ಮ ಸಂಗೀತದ ಪಾಠದಲ್ಲಿ ಪಕ್ಕದವನ ಅಪಸ್ವರ ತಿದ್ದುವಾಗ ಉಳಿದವರೂ ಕಿವಿ ನಿಮಿರಿಸುತ್ತಾರಲ್ಲ, ಹಾಗೆ.

ಪ್ರತಿ ಆವೃತ್ತಿಗೂ ಸುಮಾರು ಎರಡು ಸಾವಿರ ಜನರ ಕೋಡ್ ಸೇರುತ್ತದೆ. ಅವರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿಗೆ ಅದು ಮೊದಲ ಪ್ಯಾಚ್. ವರ್ಷಕ್ಕೆ ಸಾವಿರಕ್ಕೂ ಮಿಕ್ಕಿ ಹೊಸಬರು ಈ ಗರಡಿಯಿಂದ ಹೊರಬೀಳುತ್ತಾರೆ. ಇಲ್ಲಿ ಒಂದು ಮಾತು ಹೇಳಿಬಿಡಬೇಕು: ಕರ್ನಲ್ ಬರೆಯುವವರೆಲ್ಲ ನಿಸ್ವಾರ್ಥ ಸೇವಕರೆಂಬ ಕಥೆ ಈಗ ಹಳತು. ಬಹುಪಾಲು ಜನ ಇಂಟೆಲ್, ಗೂಗಲ್, ರೆಡ್ ಹ್ಯಾಟ್‌ನಂಥ ಕಂಪನಿಗಳ ಸಂಬಳದ ಮೇಲಿದ್ದಾರೆ. ಆದರೆ ಬೇರೆ ಕಂಪನಿಯ, ಬೇರೆ ಖಂಡದ, ನಾಳೆ ಮತ್ತೆ ಕಾಣಿಸಿಕೊಳ್ಳದೇ ಹೋಗಬಹುದಾದ ಹುಡುಗನ ಪ್ಯಾಚನ್ನು ನಾಲ್ಕು ಸಲ ಓದು ಎಂದು ಯಾವ ಕಂಪನಿಯೂ ಸಂಬಳದ ಪತ್ರದಲ್ಲಿ ಬರೆದಿರುವುದಿಲ್ಲ.

ವಿದ್ಯಾರ್ಥಿಗಳನ್ನು ಅನುಭವಸ್ಥ ಮೆಂಟರುಗಳ ಜೊತೆ ಕೂರಿಸುವ ಗೂಗಲ್ ಸಮ್ಮರ್ ಆಫ್ ಕೋಡ್ ಎಂಬ ಯೋಜನೆ ಈ ಕೆಲಸಕ್ಕೆ ಒಂದು ಚೌಕಟ್ಟು ಕೊಟ್ಟಿತು. 2005ರಲ್ಲಿ ಸುಮಾರು ನಾನೂರು ವಿದ್ಯಾರ್ಥಿಗಳಿಂದ ಶುರುವಾಗಿ, ಇಪ್ಪತ್ತು ವರ್ಷದಲ್ಲಿ ನೂರಕ್ಕೂ ಹೆಚ್ಚು ದೇಶಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಅದರಲ್ಲಿ ಪಳಗಿದರು. ಭಾರತದಿಂದ ಪ್ರತಿವರ್ಷ ದೊಡ್ಡ ತಂಡವೇ ಹೋಗುತ್ತದೆ. ಆದರೆ ಮೊದಲ ದಶಕದಲ್ಲಿ ಅತಿ ಹೆಚ್ಚು ವಿದ್ಯಾರ್ಥಿಗಳನ್ನು ಕಳಿಸಿದ ವಿಶ್ವವಿದ್ಯಾಲಯ ಶ್ರೀಲಂಕಾದ ಮೊರಟುವ. ನಮ್ಮ ಐಐಟಿಗಳೂ ಅಮೆರಿಕದ ಹೆಸರುವಾಸಿ ಕಾಲೇಜುಗಳೂ ಅದರ ಹಿಂದೆ. ವಿದ್ಯಾರ್ಥಿಗೆ ಗೂಗಲ್ ಭತ್ಯೆ ಕೊಡುತ್ತದೆ, ಮೆಂಟರಿಗೆ ಸಂಬಳವಿಲ್ಲ. ವಾರಕ್ಕೆ ಐದು ಗಂಟೆಯಂತೆ ಹನ್ನೆರಡು ವಾರ ಎಂದು ಹಿಡಿದರೆ ಇಲ್ಲಿಯವರೆಗೆ ಹನ್ನೆರಡು ಲಕ್ಷ ಗಂಟೆ ಆಯಿತು. ವರ್ಷಕ್ಕೆ ಎರಡು ಸಾವಿರ ಗಂಟೆ ದುಡಿಯುವ ನೌಕರನ ಲೆಕ್ಕದಲ್ಲಿ ಆರುನೂರು ವರ್ಷಗಳ ದುಡಿಮೆ.

ಇದಕ್ಕೆಲ್ಲ ಬೆಲೆ ಕಟ್ಟಲು ಒಮ್ಮೆ ಪ್ರಯತ್ನವೂ ನಡೆದಿದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 2024ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, ವ್ಯಾಪಕ ಬಳಕೆಯ, ಕೋಡನ್ನು ಎಲ್ಲರಿಗೂ ತೆರೆದಿಟ್ಟ ಓಪನ್ ಸೋರ್ಸ್ ಸಾಫ್ಟ್‌ವೇರನ್ನು ಒಮ್ಮೆ ಹೊಸದಾಗಿ ಬರೆಸಲು ಬೇಕಾದದ್ದು ಸುಮಾರು 415 ಕೋಟಿ ಡಾಲರ್. ಅದು ಇಲ್ಲವಾಗಿ, ಪ್ರತಿ ಕಂಪನಿಯೂ ತಾನೇ ಬರೆಸಿಕೊಳ್ಳಬೇಕಾಗಿ ಬಂದರೆ 8.8 ಲಕ್ಷ ಕೋಟಿ ಡಾಲರ್. ಎರಡು ಸಾವಿರ ಪಟ್ಟಿಗೂ ಹೆಚ್ಚು. ಭಾರತದ ಇಡೀ ವರ್ಷದ ಆಂತರಿಕ ಉತ್ಪನ್ನ ನಾಲ್ಕು ಲಕ್ಷ ಕೋಟಿ ಡಾಲರಿನ ಆಸುಪಾಸು. ಅದನ್ನು ಎರಡು ಸಲ ಸುರಿದರೂ ಸಾಲದು. ನನ್ನನ್ನು ಇದಕ್ಕಿಂತಲೂ ಬೆಚ್ಚಿಬೀಳಿಸಿದ್ದು ಅದೇ ಅಧ್ಯಯನದ ಇನ್ನೊಂದು ಅಂಕಿ. ಈ ಮೌಲ್ಯದ ಶೇ. 96ರಷ್ಟನ್ನು ಹುಟ್ಟಿಸಿದವರು ಓಪನ್ ಸೋರ್ಸ್ ಬರೆಯುವವರಲ್ಲಿ ಶೇ. 5 ಜನ.

ಆ ಐದರಲ್ಲೂ ಕೆಲವು ಕಡೆ ಒಬ್ಬರೇ. ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಜೀ ಎಂಬ ಸಾಧನ ಲಿನಕ್ಸ್ ಇರುವ ಬಹುತೇಕ ಕಡೆ ಇದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡು ಬಂದವರು ಫಿನ್ಲೆಂಡಿನ ಲಾಸೆ ಕೊಲಿನ್. 2021ರ ಕೊನೆಯಲ್ಲಿ ಜಿಯಾ ಟಾನ್ ಎಂಬ ಹೆಸರಿನಲ್ಲಿ ಒಬ್ಬರು ಪ್ಯಾಚ್ ಕಳಿಸಲಾರಂಭಿಸಿದರು. ಒಳ್ಳೆಯ ಕೆಲಸ, ವಿನಯದ ಮಾತು. 2022ರಲ್ಲಿ ಬೇರೆ ಬೇರೆ ಹೆಸರುಗಳಿಂದ ಕೊಲಿನ್ ಮೇಲೆ ಒತ್ತಡ ಬರತೊಡಗಿತು: ಕೆಲಸ ನಿಧಾನವಾಗುತ್ತಿದೆ, ಇನ್ನೊಬ್ಬರಿಗೆ ಜವಾಬ್ದಾರಿ ಕೊಡಿ. ತನ್ನ ಮಾನಸಿಕ ಆರೋಗ್ಯ ಬಹುಕಾಲದಿಂದ ಸರಿಯಿಲ್ಲವೆಂದೂ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸವೆಂದು ನೆನಪಿಡಬೇಕೆಂದೂ ಕೊಲಿನ್ ಆ ಸಾಧನದ ಇಮೇಲ್ ಪಟ್ಟಿಗೆ ಬರೆದರು. ಕೊನೆಗೆ ಶಿಷ್ಯನಿಗೆ ಬೀಗದ ಕೈ ಹೋಯಿತು. 2024ರ ಫೆಬ್ರವರಿಯ ಆವೃತ್ತಿಯಲ್ಲಿ ಆ ಶಿಷ್ಯ ಕಳ್ಳ ಬಾಗಿಲೊಂದನ್ನು ಹುದುಗಿಸಿದ. ಅದು ಎಲ್ಲೆಡೆ ಹರಡಿದ್ದರೆ ಅಸಂಖ್ಯಾತ ಸರ್ವರುಗಳಿಗೆ ಅವನು ನುಗ್ಗಬಹುದಿತ್ತು.

ತಪ್ಪಿಸಿದವರು ಪೋಸ್ಟ್‌ಗ್ರೆಸ್ ಡೇಟಾಬೇಸಿನ ಮೇಲೆ ಕೆಲಸ ಮಾಡುವ ಆಂಡ್ರೆಸ್ ಫ್ರಾಯಿಂಡ್. ಅವರಿಗೆ ಕಂಡದ್ದು ಇಷ್ಟೇ: ಲಾಗಿನ್‌ಗೆ 0.299 ಸೆಕೆಂಡು ಹಿಡಿಯುತ್ತಿದ್ದದ್ದು 0.807 ಸೆಕೆಂಡು ಹಿಡಿಯುತ್ತಿದೆ. ಅರ್ಧ ಸೆಕೆಂಡಿನ ಈ ವ್ಯತ್ಯಾಸದ ಬೆನ್ನು ಹತ್ತಿ ಹೋಗಿ, ಮಾರ್ಚ್ 29ರಂದು ಎಲ್ಲವನ್ನೂ ಬಯಲಿಗಿಟ್ಟರು. ಎರಡು ವರ್ಷಕ್ಕೂ ಹೆಚ್ಚು ಕಾಲ ಕಾದು ಹೂಡಿದ ಸಂಚು, ಅರ್ಧ ಸೆಕೆಂಡಿಗೆ ಸಿಕ್ಕಿಬಿತ್ತು. ಕೊಲಿನ್‌ಗೆ ಜೊತೆಗೆ ಓದಲು ಪ್ರಾಮಾಣಿಕರಾದ ಇನ್ನಿಬ್ಬರು ಇದ್ದಿದ್ದರೆ ಈ ಕಥೆ ಶುರುವಾಗುತ್ತಲೇ ಇರಲಿಲ್ಲ ಎಂಬುದು ನನ್ನ ಎಣಿಕೆ.

ಓದುವವರ ಕೊರತೆ ಈಗ ಇನ್ನೊಂದು ದಿಕ್ಕಿನಿಂದಲೂ ಬಿಗಿಯುತ್ತಿದೆ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ರಂದು. 2014ರ ಸುಮಾರಿಗೆ ತಿಂಗಳಿಗೆ ಎರಡು ಲಕ್ಷದ ಆಸುಪಾಸು ಹೊಸ ಪ್ರಶ್ನೆ ಕಾಣುತ್ತಿದ್ದ ಸ್ಟ್ಯಾಕ್ ಓವರ್‌ಫ್ಲೋ, ನಿಧಾನವಾಗಿ ಇಳಿಯುತ್ತಾ, ಆಮೇಲೆ ಕುಸಿಯುತ್ತಾ, 2025ರ ಕೊನೆಗೆ ಕೆಲವೇ ಸಾವಿರಕ್ಕೆ ಬಂತು. ಅಲ್ಲಿನ ಉತ್ತರಗಳನ್ನು ಓದಿ ಕಲಿತ ಯಂತ್ರಗಳೇ ಈಗ ಉತ್ತರ ಹೇಳುತ್ತಿವೆ. ವಿಮ್‌ನಿಂದ ಹೊರಬರುವುದನ್ನು ಕೇಳಲು ಮನುಷ್ಯ ಬೇಕಿಲ್ಲ, ಒಪ್ಪುತ್ತೇನೆ. ಆದರೆ ಕರ್ಲ್‌ನ ಕಥೆ ಕೇಳಿ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ಆ ಹೆಸರಿನಲ್ಲಿ ಹೊರತಂದ, ಇಂಟರ್ನೆಟ್ಟಿನಲ್ಲಿ ಮಾಹಿತಿ ಸಾಗಿಸುವ ಸಾಧನ ಅದು. ಅವರ ಅಂದಾಜಿನಲ್ಲಿ ಕಾರು, ಟೀವಿ, ಫೋನು ಎಲ್ಲ ಸೇರಿ 2,000 ಕೋಟಿ ಕಡೆ ಇದೆ. ಅದರ ಭದ್ರತಾ ತಂಡದಲ್ಲಿದ್ದವರು ಏಳು ಜನ. ತಲಾ ಮನುಷ್ಯನಿಗೆ ಎರಡಕ್ಕಿಂತ ಹೆಚ್ಚು ಪ್ರತಿಗಳು ಭೂಮಿಯ ಮೇಲಿರುವ ವಸ್ತುವಿಗೆ ಏಳು ಕಾವಲುಗಾರರು. ಇಂಥ ದೋಷವಿದೆ ಎಂದು ಬರುವ ಪ್ರತಿ ವರದಿಯನ್ನೂ ಮೂರು ನಾಲ್ಕು ಜನ ಅರ್ಧ ಗಂಟೆಯಾದರೂ ನೋಡಬೇಕು. 2025ರ ಮೊದಲರ್ಧದಲ್ಲಿ ಬಂದವುಗಳಲ್ಲಿ ನಿಜವಾದ ದೋಷ ತೋರಿಸಿದವು ಶೇ. 5ರಷ್ಟು, ಸುಮಾರು ಶೇ. 20 ಯಂತ್ರ ಹೆಣೆದ ಕಟ್ಟುಕಥೆ. ದೋಷ ಹುಡುಕಿದವರಿಗೆ ಕೊಡುತ್ತಿದ್ದ ಬಹುಮಾನವನ್ನು 2026ರ ಜನವರಿಗೆ ನಿಲ್ಲಿಸಿಬಿಟ್ಟರು. ಬರೆಯುವುದಕ್ಕೆ ಈಗ ಕ್ಷಣ ಸಾಕು, ಓದುವುದಕ್ಕೆ ಮೊದಲಿನಷ್ಟೇ ಹೊತ್ತು ಬೇಕು.

ಓದಿಸಿಕೊಳ್ಳಲು ಬರುವವರ ಸಾಲಿನಲ್ಲಿ ಈಗ ಮುಂದಿರುವವರು ನಮ್ಮವರೇ. ಗಿಟ್‌ಹಬ್ ಎಂಬ ಕೋಡ್ ಹಂಚಿಕೊಳ್ಳುವ ತಾಣ 2025ರಲ್ಲಿ ಕೊಟ್ಟ ಲೆಕ್ಕದಂತೆ ಅಲ್ಲಿ ಖಾತೆ ತೆರೆದವರು ಒಟ್ಟು 18 ಕೋಟಿ. ಒಂದೇ ವರ್ಷದಲ್ಲಿ ಸೇರಿದವರು 3.6 ಕೋಟಿ, ಸೆಕೆಂಡಿಗೆ ಒಬ್ಬರಿಗಿಂತ ಹೆಚ್ಚು. ಅದರಲ್ಲಿ ಭಾರತದವರು 52 ಲಕ್ಷ. ಬೆಂಗಳೂರಿನ ಪಿಜಿ ಕೋಣೆಯಲ್ಲಿ, ಹುಬ್ಬಳ್ಳಿಯ ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಕೂತು ಮೊದಲ ಪ್ರಾಜೆಕ್ಟ್ ಏರಿಸಿದ ಹುಡುಗ ಹುಡುಗಿಯರೂ ಈ ಎಣಿಕೆಯಲ್ಲಿದ್ದಾರೆ. ಬಹಳ ಜನರ ಕೋಡನ್ನು ಅವರ ಹೊರತು ಇನ್ನೊಬ್ಬರು ಓದುವುದೇ ಇಲ್ಲ.

ಈ 52 ಲಕ್ಷ ಜನರಲ್ಲಿ ಪ್ರತಿಯೊಬ್ಬರಿಗೂ ವರ್ಷಕ್ಕೆ ಒಂದೇ ಒಂದು ಸಲ, ಅನುಭವಸ್ಥರೊಬ್ಬರು ಅರ್ಧ ಗಂಟೆ ಕೂತು ಕೋಡ್ ಓದಿ ಹೇಳಬೇಕೆಂದು ಇಟ್ಟುಕೊಳ್ಳಿ. 26 ಲಕ್ಷ ಗಂಟೆ ಬೇಕು. ಕೇಳಲು ಅಸಾಧ್ಯವೆನಿಸುತ್ತದೆ. ವಾರಕ್ಕೆ ಒಂದು ಗಂಟೆಯಂತೆ, ಎರಡು ವಾರ ರಜೆ ಬಿಟ್ಟು, ವರ್ಷಕ್ಕೆ ಐವತ್ತು ಗಂಟೆ ಕೊಡುವವರು ಎಷ್ಟು ಮಂದಿ ಬೇಕು ಎಂದು ಭಾಗಿಸಿ ನೋಡಿದೆ. 52,000. ಗಿಟ್‌ಹಬ್‌ನಲ್ಲಿ ಈಗಾಗಲೇ ಎರಡು ಕೋಟಿಗೂ ಹೆಚ್ಚು ಭಾರತೀಯರಿದ್ದಾರೆ. ಅವರಲ್ಲಿ ನಾನೂರಕ್ಕೆ ಒಬ್ಬರಂತೆ ಬಂದರೂ ಸಾಕು.